ಮತದಾರನ ಕೊಳಗ

1952ನೆಯ ಇಸವಿಯ ಜನವರಿ ತಿಂಗಳು. ಮಲೆನಾಡಿನಲ್ಲಿ ಸುಗ್ಗಿಯ ಭರಾಟೆ ಮುಗಿಯುತ್ತ ಬಂದಿದ್ದ ಕಾಲ. ಸಾಗರ, ಹೊಸನಗರಗಳ ಹಳ್ಳಿಯ ಕಣಗಳಲ್ಲಿ ಬತ್ತವನ್ನು ತೂರಿ ಅಳೆಯುತ್ತಿದ್ದರು. ತೋಟಗಳಿದ್ದೆಡೆ ಅಡಿಕೆಯ ಕೊಯ್ಲು ಸಾಗಿತ್ತು. ಇರುಳಾದರೆ ಲಾಂದ್ರದ ಮಂದ ಬೆಳಕಿನಲ್ಲಿ ಹೆಂಗಸರು ಗಂಡಸರೆಲ್ಲರೂ ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಕೈಗೆ ಬಿಡುವಿಲ್ಲದಿದ್ದರೂ ಬಾಯಿಗೆ ಬಿಡುವಿರುವ ಕೆಲಸವದು. ಎಂದಿನ ವರ್ಷಗಳಲ್ಲಾದರೆ ಆ ಬಿಡುವನ್ನು ಆಟದ ಕತೆ, ಮದುವೆಯ ಮಾತು, ಹುಲಿಯ ಸುದ್ದಿಗಳು ತುಂಬುತ್ತಿದ್ದುವು. ಆ ವರ್ಷ ಅವುಗಳ ನಡುವೆ ಹೊಸದೊಂದು ಮಾತು ಬಂದು ಕುಳಿತಿದ್ದಿತು. ಅದೇ ಓಟಿನ ಮಾತು.

ಭಾರತ ಸ್ವತಂತ್ರವಾದ ಮೇಲಿನ ಮೊದಲನೆಯ ಮಹಾಚುನಾವಣೆ ಅದು. ಇಪ್ಪತ್ತೊಂದು ವರ್ಷ ತುಂಬಿದ ಎಲ್ಲರಿಗೂ ಮತದ ಹಕ್ಕು ದೊರೆತಿದ್ದಿತು. ಓದು ಬಲ್ಲವನೇ, ಭೂಮಿಯಿದ್ದವನೇ, ಕಂದಾಯ ಕಟ್ಟುವವನೇ ಎಂದು ಯಾರೂ ಕೇಳುವಂತಿರಲಿಲ್ಲ. ದೇಶದ ಹದಿನೇಳು ಕೋಟಿಗೂ ಮೀರಿದ ಮತದಾರರ ಪಟ್ಟಿಯಲ್ಲಿ ಸಾಗರ ಸೀಮೆಯ ಗೇಣಿದಾರನ ಹೆಸರೂ ಅವನ ಒಡೆಯನ ಹೆಸರೂ ಒಂದೇ ಬಗೆಯ ಅಕ್ಷರದಲ್ಲಿ ಅಚ್ಚಾಗಿದ್ದುವು. ಒಡೆಯನ ಜಗಲಿಯನ್ನು ಏರಿ ಕುಳಿತುಕೊಳ್ಳಲು ಅಳುಕುತ್ತಿದ್ದವನು ಮತಪಟ್ಟಿಯಲ್ಲಿ ಅವನ ಸರಿಸಮಾನನಾಗಿ ಕುಳಿತಿದ್ದನು.

ಆದರೆ ಹಕ್ಕು ದೊರೆತ ಮಾತ್ರಕ್ಕೆ ವಿವೇಚನೆ ಬಂದೀತೆ? ನಿಂತವರಲ್ಲಿ ಯಾರು ಮೇಲು, ಯಾರು ಕಡಮೆ ಎಂಬುದನ್ನು ಅಕ್ಷರ ಬಾರದ ರೈತ ಹೇಗೆ ತೀರ್ಮಾನಿಸಿಯಾನು? ಪಟ್ಟಣದ ವಿದ್ಯಾವಂತರು ಅನೇಕರು ಆಗ ಈ ಸಂದೇಹವನ್ನು ಆಡಿಯೇ ಇದ್ದರು. ಸಾಗರ-ಹೊಸನಗರ ಕ್ಷೇತ್ರದ ಮತದಾರರು ಆ ಸಂದೇಹಕ್ಕೆ ಕೊಟ್ಟ ಉತ್ತರವನ್ನು ಇಂದಿಗೂ ನೆನೆಯತಕ್ಕದ್ದಾಗಿದೆ.

ಒಂದು ವೇದಿಕೆ, ಇಬ್ಬರು ಅಭ್ಯರ್ಥಿಗಳು

ಅಮೆರಿಕದಲ್ಲಿ ಒಂದು ಪದ್ಧತಿಯುಂಟು. ಅಲ್ಲಿ ಚುನಾವಣೆಗೆ ಮುಂಚೆಯೇ ಇನ್ನೊಂದು ಚುನಾವಣೆ ನಡೆಯುತ್ತದೆ. ಪಕ್ಷದ ಪರವಾಗಿ ಯಾರು ನಿಲ್ಲಬೇಕೆಂಬುದನ್ನು ಹಲವು ಸಂಸ್ಥಾನಗಳಲ್ಲಿ ಮತದಾರರೇ ಆರಿಸುತ್ತಾರೆ. ಇದಕ್ಕೆ ಪ್ರಾಥಮಿಕ ಚುನಾವಣೆ ಎನ್ನಬಹುದು. ಒಂದೇ ಪಕ್ಷದ ಆಕಾಂಕ್ಷಿಗಳು ಒಂದೇ ವೇದಿಕೆಯನ್ನೇರಿ ಎದುರುಬದುರು ನಿಂತು ವಾದ ಮಾಡುವುದೂ ಉಂಟು. 1948ರ ಮೇ 17ರಂದು ಆರಿಗನ್ ಸಂಸ್ಥಾನದಲ್ಲಿ ಥಾಮಸ್ ಡ್ಯೂಯಿ ಮತ್ತು ಹೆರಾಲ್ಡ್ ಸ್ಟ್ಯಾಸನ್ ಎಂಬ ಇಬ್ಬರು ಕಮ್ಯೂನಿಸ್ಟ್ ಪಕ್ಷವನ್ನು ಕಾನೂನಿನಿಂದ ನಿಷೇಧಿಸಬೇಕೆ ಬೇಡವೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ರೇಡಿಯೋದಲ್ಲಿ ವಾದಿಸಿದರು. ಬೇಡವೆಂದ ಡ್ಯೂಯಿ ಕೆಲವೇ ದಿನಗಳಲ್ಲಿ ಆ ಪ್ರಾಥಮಿಕ ಚುನಾವಣೆಯನ್ನು ಗೆದ್ದರು. 1956ರಲ್ಲಿ ಸ್ಟೀವನ್‌ಸನ್ ಮತ್ತು ಕೆಫಾವರ್ ಅವರ ವಾದವನ್ನು ಟೆಲಿವಿಷನ್ನಿನಲ್ಲಿಯೇ ತೋರಿಸಿದರು. ಮನೆಯಲ್ಲಿ ಕುಳಿತ ಮತದಾರನು ಇಬ್ಬರ ಮುಖವನ್ನೂ ನೋಡಿ, ಇಬ್ಬರ ಮಾತನ್ನೂ ಕೇಳಿ, ತನ್ನ ಅಭಿಪ್ರಾಯವನ್ನು ರೂಪಿಸಿಕೊಳ್ಳುವ ಅನುಕೂಲ ಅಲ್ಲಿಯದು.

ನಮ್ಮಲ್ಲಿ ಅಂಥ ಏರ್ಪಾಡು ಅಂದೂ ಇರಲಿಲ್ಲ, ಇಂದೂ ಇಲ್ಲ. ಪಕ್ಷದ ಟಿಕೆಟ್ಟು ಬೆಂಗಳೂರಿನಲ್ಲಿಯೋ ದೆಹಲಿಯಲ್ಲಿಯೋ ತೀರ್ಮಾನವಾಗಿ ಹಳ್ಳಿಗೆ ಬರುತ್ತದೆ. ಮತದಾರನ ಸರದಿ ಬರುವುದು ಆ ಬಳಿಕ. ಇನ್ನು ಎದುರಾಳಿಗಳು ಒಂದೇ ವೇದಿಕೆಯಲ್ಲಿ ಕೂಡುವ ಮಾತಂತೂ ದೂರ. ಒಬ್ಬರು ಒಂದು ದಿನ ಬಂದು ಹೋಗುತ್ತಾರೆ. ಮತ್ತೊಬ್ಬರು ಮರುವಾರ ಬರುತ್ತಾರೆ. ಒಬ್ಬರು ಆಡಿದ್ದಕ್ಕೆ ಇನ್ನೊಬ್ಬರ ಉತ್ತರ ಏನೆಂಬುದನ್ನು ಕೇಳುವವನೇ ಹೊಂದಿಸಿಕೊಳ್ಳಬೇಕು. ಹೀಗಾಗಿ ಮಲೆನಾಡಿನ ಮತದಾರನು ತನ್ನ ಮನಸ್ಸನ್ನೇ ವೇದಿಕೆಯಾಗಿ ಮಾಡಿಕೊಂಡು, ಎದುರಾಳಿಗಳನ್ನು ಅಲ್ಲಿ ತಂದು ನಿಲ್ಲಿಸಿ, ತಾನೇ ಪ್ರಶ್ನೆ ಹಾಕಿ, ತಾನೇ ತೀರ್ಪು ಹೇಳಬೇಕಾಗಿದ್ದಿತು.

ಜೋಡೆತ್ತು ಮತ್ತು ಆಲದ ಮರ

ಸಾಗರ-ಹೊಸನಗರದಲ್ಲಿ ಆ ವರ್ಷ ಮುಖ್ಯವಾಗಿ ಎದುರುಬದುರಾಗಿದ್ದವರು ಇಬ್ಬರು. ಕಾಂಗ್ರೆಸ್ಸಿನ ಪರವಾಗಿ ಎ. ಆರ್. ಬದರಿನಾರಾಯಣ್, ಸಮಾಜವಾದಿ ಪಕ್ಷದ ಪರವಾಗಿ ಶಾಂತವೇರಿ ಗೋಪಾಲಗೌಡ. ಒಬ್ಬರ ಗುರುತು ನೊಗ ಹೊತ್ತ ಜೋಡೆತ್ತು, ಇನ್ನೊಬ್ಬರದು ಆಲದ ಮರ.

ಬದರಿನಾರಾಯಣ್ ಸಾಮಾನ್ಯರಲ್ಲ. ಸಾಗರ ತಾಲ್ಲೂಕಿನ ಆನಂದಪುರದವರು, ಸೀಮೆಗೆ ಪರಿಚಿತರು, ಗಣ್ಯ ಮನೆತನದವರು. ಎಲ್ಲಕ್ಕೂ ಮಿಗಿಲಾಗಿ ಅವರ ಬೆನ್ನ ಹಿಂದೆ ಗಾಂಧಿಯ ಹೆಸರು ಹೊತ್ತ, ಸ್ವರಾಜ್ಯ ತಂದ ಮಹಾಸಂಸ್ಥೆ ನಿಂತಿದ್ದಿತು. ಜೋಡೆತ್ತಿನ ಚಿತ್ರವನ್ನು ನೋಡಿದ ರೈತನಿಗೆ ಅದು ತನ್ನದೇ ಕೊಟ್ಟಿಗೆಯ ಚಿತ್ರವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಬದರಿನಾರಾಯಣ್ ಮುಂದೆ ರಾಜ್ಯದಲ್ಲಿ ಮಂತ್ರಿಗಳಾದರು. 1977ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೂ ಆರಿಸಿಹೋದರು. ಮತದಾರನ ಎದುರಿಗಿದ್ದ ಆಯ್ಕೆ ಕೆಟ್ಟವರಿಗೂ ಒಳ್ಳೆಯವರಿಗೂ ನಡುವಣ ಸುಲಭದ ಆಯ್ಕೆಯಾಗಿರಲಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಗೋಪಾಲಗೌಡರಾದರೋ ಇಪ್ಪತ್ತೆಂಟು ವರ್ಷದ ತರುಣರು. 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದವರು. 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಸೆರೆಮನೆ ಕಂಡವರು. ಸಾಗರಕ್ಕೆ ಅವರು ಹೊರಗಿನವರೇ. ಸಾಗರ ಸೀಮೆಯ ಗೇಣಿದಾರರಲ್ಲಿ ಬಹುಮಂದಿ ದೀವರ ಸಮುದಾಯದವರು, ಗೋಪಾಲಗೌಡರು ಒಕ್ಕಲಿಗರು. ಜಾತಿಯ ನಂಟಿಲ್ಲ, ಊರಿನ ನಂಟಿಲ್ಲ, ಹಣವಿಲ್ಲ. ಮತದ ಜೊತೆಗೆ ಖರ್ಚಿಗೆಂದು ಒಂದು ನೋಟನ್ನೂ ಮತದಾರರಿಂದಲೇ ಕೇಳಿ ಪಡೆದರೆಂಬ ಮಾತು ಅವರ ವಿಷಯದಲ್ಲಿ ಇಂದಿಗೂ ಆ ಕಡೆ ಪ್ರಚಲಿತವಾಗಿದೆ.

ಮೇಲುನೋಟಕ್ಕೆ ಈ ಇಬ್ಬರ ತೂಕ ಒಂದೇ ತಕ್ಕಡಿಯಲ್ಲಿ ನಿಲ್ಲುವಂತಿರಲಿಲ್ಲ. ಆದರೆ ಅಲ್ಲಿಯ ಮತದಾರನ ಕೈಯಲ್ಲಿದ್ದುದು ತಕ್ಕಡಿಯಲ್ಲ, ಕೊಳಗ.

ಕೊಳಗದ ಕತೆ

ಬತ್ತವನ್ನು ಅಳೆಯುವ ಪಾತ್ರೆಗೆ ಕೊಳಗವೆಂದು ಹೆಸರು. ಗೇಣಿಯ ಲೆಕ್ಕವೆಲ್ಲ ಕೊಳಗದ ಲೆಕ್ಕವೇ. ಉಳುವವನು ಸುಗ್ಗಿಯ ಬಳಿಕ ಒಡೆಯನಿಗೆ ಇಂತಿಷ್ಟು ಬತ್ತವನ್ನು ಅಳೆದುಕೊಡಬೇಕು. ಎಷ್ಟು ಎಂಬುದು ಮಾತಿನಲ್ಲಿ ನಿಶ್ಚಯವಾಗಿದ್ದರೂ ಆ ಮಾತನ್ನು ಅಳೆಯುವ ಪಾತ್ರೆ ಯಾರ ಕೈಯಲ್ಲಿದೆ ಎಂಬುದೇ ನಿಜವಾದ ಪ್ರಶ್ನೆ. ಸರ್ಕಾರದ ಅಳತೆಯಂತೆ ಕೊಳಗಕ್ಕೆ ಮೂರು ಸೇರು. ಒಡೆಯರ ಮನೆಯ ಕೊಳಗ ಅದಕ್ಕಿಂತ ದೊಡ್ಡದು. ಹತ್ತಾರು ಕೊಳಗ ಅಳೆಯುವಷ್ಟರಲ್ಲಿ ಗೇಣಿದಾರನ ಮನೆಯ ಮಳೆಗಾಲದ ಅಕ್ಕಿಯೇ ಒಡೆಯನ ಕಣಜವನ್ನು ಸೇರಿಬಿಡುತ್ತಿದ್ದಿತು. ಮಲೆನಾಡಿನಲ್ಲಿ ಮಳೆಗಾಲದ ಅಕ್ಕಿ ಎಂದರೆ ಬದುಕಿನ ಪ್ರಶ್ನೆ.

ಅಳತೆಯ ವಿಷಯ ಈ ಸೀಮೆಗೆ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಬಿದನೂರಿನಿಂದ ಆಳಿದ ಕೆಳದಿಯ ಶಿವಪ್ಪನಾಯಕನ ಹೆಸರು ಇಂದಿಗೂ ಉಳಿದಿರುವುದು ಅವನ ಕೋಟೆಗಳಿಗಿಂತ ಹೆಚ್ಚಾಗಿ ‘ಶಿಸ್ತು’ ಎಂದು ಹೆಸರಾದ ಅವನ ಕಂದಾಯದ ಕ್ರಮದಿಂದ. ಭೂಮಿಯ ಗುಣಕ್ಕೆ ತಕ್ಕ ತೆರಿಗೆ ಎಂಬುದು ಅದರ ತಿರುಳು. ಬಳಿಕ 1830-31ರಲ್ಲಿ ಇದೇ ನಗರ ಸೀಮೆಯ ರೈತರು ಕಂದಾಯದ ಹೊರೆಯನ್ನು ತಾಳಲಾರದೆ ಕೂಟ ಕೂಡಿ ದಂಗೆಯೆದ್ದರು. ಆ ದಂಗೆಯ ಪರಿಣಾಮವಾಗಿ ಮೈಸೂರಿನ ಆಡಳಿತವೇ 1831ರಲ್ಲಿ ಅರಸರ ಕೈತಪ್ಪಿ ಬ್ರಿಟಿಷರ ಕೈ ಸೇರಿತು. ಅಂದಿನ ರೈತನಿಗೆ ಮತವಿರಲಿಲ್ಲ. ಅಸಮಾಧಾನವನ್ನು ತೋರಲು ಕೂಟವೊಂದೇ ದಾರಿಯಾಗಿದ್ದಿತು.

ಸಾಗರದಿಂದ ಹೆಚ್ಚು ದೂರವಿಲ್ಲದ ಕಾಗೋಡು ಎಂಬ ಹಳ್ಳಿಯಲ್ಲಿ ಕೊಳಗದ ಪ್ರಶ್ನೆ ಸ್ವಾತಂತ್ರ್ಯ ಬಂದ ಮೇಲೆ ತಲೆಯೆತ್ತಿತು. ಶಾಲೆಯ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿ ರೈತ ಸಂಘವನ್ನು ಕಟ್ಟಿದರು. ಮೂರು ಸೇರಿನ ಕೊಳಗದಲ್ಲಿಯೇ ಗೇಣಿಯನ್ನು ಅಳೆಯುತ್ತೇವೆಂದು ರೈತರು ಪಟ್ಟು ಹಿಡಿದರು. ಒಡೆಯರು ಒಪ್ಪಲಿಲ್ಲ. ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಗೆ ಇಳಿಯಕೂಡದೆಂಬ ತಡೆ ಬಂದಿತು. 1951ರ ಏಪ್ರಿಲ್ 18ರಂದು ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಸೆರೆಯಾದರು. ಮರುದಿನ ಮತ್ತೊಂದು ತಂಡ ಇಳಿಯಿತು. ಹೀಗೆ ಆರಂಭವಾದದ್ದೇ ಕಾಗೋಡು ಸತ್ಯಾಗ್ರಹ. ಗಂಡಸರು ಸೆರೆಮನೆಗೆ ಹೋದ ಮನೆಗಳಿಂದ ಹೆಂಗಸರೂ ಹೊರಬಂದರು.

ಸಮಾಜವಾದಿ ಪಕ್ಷವು ಈ ಹೋರಾಟವನ್ನು ತನ್ನದಾಗಿಸಿಕೊಂಡಿತು. ಗೋಪಾಲಗೌಡರು ಬಂದು ಅದರ ಮುಂಚೂಣಿಯಲ್ಲಿ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾರವರೇ ಉತ್ತರದಿಂದ ಬಂದು, ರೈತರೊಡನೆ ಕಾಗೋಡಿನ ಗದ್ದೆಗೆ ಇಳಿದು ಸೆರೆಯಾದರು. ಹೆಸರೇ ಕೇಳದ ಒಂದು ಹಳ್ಳಿ ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಆದರೂ ಸತ್ಯಾಗ್ರಹ ಆ ಕೂಡಲೆ ಗೆಲುವು ತರಲಿಲ್ಲ. ಮಳೆಗಾಲ ಕಳೆಯಿತು, ಸುಗ್ಗಿ ಬಂದಿತು, ಸುಗ್ಗಿಯ ಬೆನ್ನಿಗೇ ಚುನಾವಣೆಯೂ ಬಂದಿತು.

ಅಡಿಕೆ ಸುಲಿಯುವ ಇರುಳಿನ ವಾದ

ಅಂಥ ಒಂದು ಇರುಳಿನಲ್ಲಿ ಸಾಗರ ಸೀಮೆಯ ಗೇಣಿದಾರನೊಬ್ಬನು ತನ್ನವರ ನಡುವೆ ಕುಳಿತಿರುವುದನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಅವನು ಒಬ್ಬನಲ್ಲ, ಅವನಂಥವರು ಸಾವಿರಾರು ಮಂದಿ. ಜೋಡೆತ್ತಿನವರ ಸಭೆಗೂ ಅವನು ಹೋಗಿ ಬಂದಿದ್ದಾನೆ. ಆಲದ ಮರದವರ ಸಭೆಗೂ ಹೋಗಿ ಬಂದಿದ್ದಾನೆ. ಈಗ ಎರಡನ್ನೂ ಹೋಲಿಸುವ ಹೊತ್ತು.

‘ಜೋಡೆತ್ತಿನವರೇನು ಕೆಟ್ಟವರಲ್ಲ ಮಾರಾಯ. ಗಾಂಧಿ ಪಕ್ಷ ಅದು,’ ಎಂದು ಹಿರಿಯನೊಬ್ಬ ಹೇಳಿರಬಹುದು.

‘ಕೆಟ್ಟವರು ಅಂತ ಯಾರು ಹೇಳಿದ್ರು? ಕೊಳಗದ ಮಾತು ಎತ್ತಲಿಲ್ಲವಲ್ಲ, ಅದನ್ನ ಹೇಳಿ,’ ಎಂದು ಕಿರಿಯನೊಬ್ಬ ಅಂದಿರಬಹುದು.

‘ಈ ಗೌಡ್ರಿಗೆ ನಮ್ಮ ಕೊಳಗದ ಗೊಡವೆ ಯಾಕೆ? ಅವರ ಊರು ಆರಗ.’

‘ಅವರ ಊರು ಯಾವುದಾದ್ರೂ ಆಗ್ಲಿ ಅಣ್ಣ. ನಮ್ಮೋರ ಜೊತೆ ನಿಂತಿದ್ದು ಎಲ್ಲಿ ಅಂತ ನೋಡಬೇಕು.’

ಇಷ್ಟೇ ವಾದ. ಇದರಲ್ಲಿ ಸಿದ್ಧಾಂತದ ದೊಡ್ಡ ಮಾತುಗಳಿಲ್ಲ. ಪಂಚವಾರ್ಷಿಕ ಯೋಜನೆಯ ಅಂಕೆಸಂಖ್ಯೆಗಳಿಲ್ಲ. ಆದರೆ ಮತದಾರನೊಬ್ಬನು ಅಭ್ಯರ್ಥಿಯನ್ನು ಪರೀಕ್ಷಿಸಲು ಬೇಕಾದ ಮೂರು ಪ್ರಶ್ನೆಗಳೂ ಇದರಲ್ಲಿ ಅಡಗಿವೆ. ನನ್ನ ಕಷ್ಟ ಇವನಿಗೆ ಗೊತ್ತೆ? ಗೊತ್ತಿದ್ದರೆ ಅದನ್ನು ಎಲ್ಲರೆದುರಿಗೆ ಬಾಯಿಬಿಟ್ಟು ಹೇಳುತ್ತಾನೆಯೆ? ಹೇಳಿದ್ದಕ್ಕಾಗಿ ಏನನ್ನಾದರೂ ಕಳೆದುಕೊಳ್ಳಲು ಸಿದ್ಧನಿದ್ದಾನೆಯೆ?

ವೇದಿಕೆಯ ಮೇಲಿನ ಭಾಷಣ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಬಲ್ಲದು. ಎರಡನೆಯದಕ್ಕೂ ಒಂದಿಷ್ಟು ಕೊಡಬಲ್ಲದು. ಮೂರನೆಯದಕ್ಕೆ ಭಾಷಣದಲ್ಲಿ ಉತ್ತರವಿಲ್ಲ. ಅದಕ್ಕೆ ಉತ್ತರ ಕಾಗೋಡಿನ ಗದ್ದೆಯಲ್ಲಿ, ಪೊಲೀಸರ ವ್ಯಾನಿನಲ್ಲಿ, ಸೆರೆಮನೆಯಲ್ಲಿ ಆಗಲೇ ದೊರೆತುಹೋಗಿದ್ದಿತು. ಅಮೆರಿಕದ ಮತದಾರನು ರೇಡಿಯೋದ ಮುಂದೆ ಕುಳಿತು ನೋಡಲಾರದುದನ್ನು ಸಾಗರದ ಗೇಣಿದಾರನು ಗದ್ದೆಯ ಬದುವಿನ ಮೇಲೆ ನಿಂತು ಕಣ್ಣಾರೆ ಕಂಡಿದ್ದನು. ಒಂದರ್ಥದಲ್ಲಿ 1951ರ ಆ ಬೇಸಗೆಯೇ ಸಾಗರ ಸೀಮೆಯ ಪ್ರಾಥಮಿಕ ಚುನಾವಣೆ. ಅಭ್ಯರ್ಥಿಯ ಪರೀಕ್ಷೆ ನಡೆದದ್ದು ಮತಗಟ್ಟೆಯಲ್ಲಲ್ಲ. ಅದಕ್ಕೆ ಎಂಟೊಂಬತ್ತು ತಿಂಗಳ ಮುಂಚೆ ಉಳುಮೆಯ ಸಾಲಿನಲ್ಲಿ.

ಪರದೆಯ ಹಿಂದೆ

ಮನಸ್ಸು ನಿಶ್ಚಯವಾದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಗೇಣಿದಾರನ ಮನೆ ನಿಂತಿರುವ ಅಡಿಗಲ್ಲೂ ಒಡೆಯನದೇ. ಬಿತ್ತನೆಯ ಬೀಜಕ್ಕೆ, ಮಗಳ ಮದುವೆಯ ಸಾಲಕ್ಕೆ, ಕಾಯಿಲೆಯ ಖರ್ಚಿಗೆ ಅವನ ಬಾಗಿಲಿಗೇ ಹೋಗಬೇಕು. ಓಟು ಯಾರಿಗೆ ಬಿದ್ದಿತೆಂಬುದು ಒಡೆಯನಿಗೆ ತಿಳಿದುಬಿಟ್ಟರೆ? ಗದ್ದೆ ಬಿಡು ಎಂದರೆ? ಇದು ಬರಿಯ ಕಲ್ಪನೆಯ ಭಯವಾಗಿರಲಿಲ್ಲ. ಗದ್ದೆ ಕಳೆದುಕೊಂಡವರು ಕಣ್ಣೆದುರಿಗೇ ಇದ್ದರು.

ಅಂದಿನ ಮತದಾನದ ಕ್ರಮ ಇಂದಿನಂತಿರಲಿಲ್ಲ. ಯಂತ್ರವಿಲ್ಲ, ಮುದ್ರೆಯೊತ್ತುವ ಪದ್ಧತಿಯೂ ಇಲ್ಲ. ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆಬೇರೆಯ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತಿನ ಚಿತ್ರ. ಮತದಾರನ ಎಡಗೈಯ ತೋರುಬೆರಳಿಗೆ ಅಳಿಯದ ಶಾಯಿ ಹಚ್ಚಿ ಒಂದು ಚೀಟಿ ಕೊಡುತ್ತಿದ್ದರು. ಒಂದು ರೂಪಾಯಿಯ ನೋಟಿನಷ್ಟೇ ಅಗಲದ ಚೀಟಿ. ಅದನ್ನು ಹಿಡಿದು ಅವನು ಪರದೆಯ ಮರೆಗೆ ಹೋಗಬೇಕು; ತನಗೆ ಬೇಕಾದ ಗುರುತಿನ ಪೆಟ್ಟಿಗೆಯಲ್ಲಿ ಹಾಕಿ ಹೊರಬರಬೇಕು. ಓದು ಬಾರದವನಿಗೆ ಅನುಕೂಲವಾಗಲೆಂದೇ ಚುನಾವಣಾ ಕಮಿಷನರಾಗಿದ್ದ ಸುಕುಮಾರ ಸೇನರು ಈ ಏರ್ಪಾಡನ್ನು ಮಾಡಿಸಿದ್ದರು.

ಪರದೆಯ ಆಚೆ ಒಡೆಯನಿರಲಿಲ್ಲ, ಶ್ಯಾನುಭೋಗನಿರಲಿಲ್ಲ, ಪಟೇಲನಿರಲಿಲ್ಲ. ಅಲ್ಲಿದ್ದುದು ಪೆಟ್ಟಿಗೆಗಳು ಮಾತ್ರ. ಬದುಕಿನಲ್ಲಿ ಮೊದಲನೆಯ ಬಾರಿಗೆ ಅಳತೆಯ ಪಾತ್ರೆ ಉಳುವವನ ಕೈಯಲ್ಲಿದ್ದಿತು. ಅದರ ಗಾತ್ರವನ್ನು ಹೆಚ್ಚಿಸಲು, ಕುಗ್ಗಿಸಲು ಯಾರಿಗೂ ಸಾಧ್ಯವಿರಲಿಲ್ಲ. ಒಡೆಯನ ಚೀಟಿಯೂ ಒಂದೇ, ಗೇಣಿದಾರನ ಚೀಟಿಯೂ ಒಂದೇ.

ಹೆಂಗಸರ ಮಾತನ್ನೂ ಇಲ್ಲಿ ಹೇಳಬೇಕು. ಮತಪಟ್ಟಿಗೆ ಸ್ವಂತ ಹೆಸರನ್ನು ಕೊಡದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರಿಂದ ದೇಶದಲ್ಲಿ ಆ ಸಲ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದ್ದಿತು. ಅದರಲ್ಲಿ ಬಹುಪಾಲು ಉತ್ತರದ ಪ್ರಾಂತಗಳದು. ಸತ್ಯಾಗ್ರಹದಲ್ಲಿ ಗಂಡಸರ ಹಿಂದೆ ಹೊರಟಿದ್ದ ಸಾಗರ ಸೀಮೆಯ ಹೆಂಗಸಿಗೆ ಮತಗಟ್ಟೆಯ ಸಾಲು ತೀರ ಹೊಸ ದಾರಿಯೇನೂ ಆಗಿರಲಿಲ್ಲ.

ಎಣಿಕೆ

ಮೈಸೂರು ರಾಜ್ಯದ ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸು 74ನ್ನು ಗೆದ್ದುಕೊಂಡಿತು. ರಾಜ್ಯದ ತುಂಬ ಜೋಡೆತ್ತಿನ ಓಟ. ಸಮಾಜವಾದಿ ಪಕ್ಷಕ್ಕೆ ದೊರೆತದ್ದು ಮೂರೇ ಸ್ಥಾನ. ಆ ಮೂರರಲ್ಲಿ ಸಾಗರ-ಹೊಸನಗರವೂ ಒಂದು. ಇಪ್ಪತ್ತೆಂಟರ ತರುಣ ಗೋಪಾಲಗೌಡರು ಗೆದ್ದು ಶಾಸನಸಭೆಯ ಮೆಟ್ಟಿಲೇರಿದರು.

ಆದರೆ ಇದೇ ಚುನಾವಣೆಯ ಇನ್ನೊಂದು ಫಲಿತಾಂಶವನ್ನೂ ಮರೆಯುವಂತಿಲ್ಲ. ಕಾಗೋಡಿನ ಭೂಮಾಲಿಕರಾದ ಕೆ. ಜಿ. ಒಡೆಯರ್ ಅವರು ಶಿವಮೊಗ್ಗ ಲೋಕಸಭಾ ಕ್ಷೇತ್ರದಿಂದ ಕಾಂಗ್ರೆಸ್ಸಿನ ಪರವಾಗಿ ನಿಂತು ಆರಿಸಿಹೋದರು. 1957ರಲ್ಲಿ ಮತ್ತೆ ಗೆದ್ದರು. ಒಂದೇ ಹಳ್ಳಿಯ ಗದ್ದೆಯ ಎರಡು ಬದಿಗಳಿಂದ ಒಬ್ಬರು ದೆಹಲಿಗೂ ಮತ್ತೊಬ್ಬರು ಬೆಂಗಳೂರಿಗೂ ಹೋದರೆಂದರೆ ಅದು ಪ್ರಜಾಪ್ರಭುತ್ವದ ವೈಚಿತ್ರ್ಯ. ಕಾಗೋಡಿನ ಕಷ್ಟ ಕಾಣದ ದೂರದ ಊರುಗಳೂ ಲೋಕಸಭಾ ಕ್ಷೇತ್ರದಲ್ಲಿ ಸೇರಿದ್ದುವು. ಎಲ್ಲಿ ಗದ್ದೆ ಹತ್ತಿರವಿತ್ತೋ ಅಲ್ಲಿ ಕೊಳಗದ ಮಾತು ಗೆದ್ದಿತು. ಎಲ್ಲಿ ದೂರವಾಯಿತೋ ಅಲ್ಲಿ ಪಕ್ಷದ ಹೆಸರು ಗೆದ್ದಿತು.

ಪಕ್ಕದ ತೀರ್ಥಹಳ್ಳಿಯ ಕಡೆ ಬೇರೊಂದು ಬಗೆ. ಅಲ್ಲಿಯವರೇ ಆದ ಕಡಿದಾಳು ಮಂಜಪ್ಪನವರು ಕಾಂಗ್ರೆಸ್ಸಿನಿಂದ ಗೆದ್ದು, ರೆವಿನ್ಯೂ ಮಂತ್ರಿಗಳಾಗಿ ಗೇಣಿಯ ಶಾಸನದ ಕೆಲಸಕ್ಕೆ ಕೈಹಾಕಿದರು. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿಗಳೂ ಆಗಿದ್ದರು. ಒಂದು ತಾಲ್ಲೂಕಿನವರು ಆಳುವ ಪಕ್ಷದೊಳಗಿನಿಂದ ಭೂಮಿಯ ಮಾತಾಡುವವರನ್ನು ಆರಿಸಿದರೆ, ಇನ್ನೊಂದು ಕಡೆಯವರು ಹೊರಗೆ ನಿಂತು ಕೇಳುವವರನ್ನು ಆರಿಸಿದರು. ಬಣ್ಣ ಬೇರೆಯಾದರೂ ಪ್ರಶ್ನೆ ಒಂದೇ ಆಗಿದ್ದಿತು.

ಗೆದ್ದವರನ್ನೂ ಅಳೆಯುವ ಕೊಳಗ

ಮಲೆನಾಡಿನ ಮತದಾರನು ಒಮ್ಮೆ ಗೆಲ್ಲಿಸಿದವರನ್ನು ಕಣ್ಣುಮುಚ್ಚಿ ಹೊತ್ತುಕೊಂಡು ಹೋದನೆಂದು ತಿಳಿಯಬಾರದು. 1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. ಐದು ವರ್ಷ ಶಾಸನಸಭೆಯಲ್ಲಿ ಭೂಮಿಯ ಹಕ್ಕಿಗಾಗಿ ಗುಡುಗಿದವರಿಗೂ ಸೋಲು ತಪ್ಪಲಿಲ್ಲ. 1962ರಲ್ಲಿ ಅವರನ್ನು ತಮ್ಮ ಹುಟ್ಟೂರಿನ ತೀರ್ಥಹಳ್ಳಿ ಕ್ಷೇತ್ರದ ಜನ ಆರಿಸಿ ಕಳಿಸಿದರು. 1967ರಲ್ಲಿ ಮತ್ತೆ ಆರಿಸಿದರು. ಆ 1967ರಲ್ಲಿಯೇ ಶಿವಮೊಗ್ಗದ ಲೋಕಸಭಾ ಸ್ಥಾನವೂ ಸಮಾಜವಾದಿಗಳ ಪಾಲಾಗಿ, ಜೆ. ಎಚ್. ಪಟೇಲರು ದೆಹಲಿಯ ಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತನಾಡಿದರು.

1972ರಲ್ಲಿ ಕಾಗೋಡು ಹಳ್ಳಿಯವರೇ ಆದ ಕಾಗೋಡು ತಿಮ್ಮಪ್ಪನವರು ಸಾಗರದಿಂದಲೂ ಕೋಣಂದೂರು ಲಿಂಗಪ್ಪನವರು ತೀರ್ಥಹಳ್ಳಿಯಿಂದಲೂ ಸಮಾಜವಾದಿಗಳಾಗಿ ಗೆದ್ದರು. ರಾಜ್ಯದಲ್ಲಿ ಇಂದಿರಾಗಾಂಧಿಯವರ ಹೆಸರಿನ ಪ್ರವಾಹ ಹರಿಯುತ್ತಿದ್ದ ವರ್ಷದಲ್ಲಿ ಈ ಎರಡು ತಾಲ್ಲೂಕುಗಳು ತಮ್ಮದೇ ಅಳತೆಯನ್ನು ಹಿಡಿದು ನಿಂತುವು. ಅದೇ ವರ್ಷದ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಆಗ ಅವರಿಗೆ ನಲವತ್ತೊಂಬತ್ತೇ ವರ್ಷ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಬೇಕೆಂದು ವಾದಿಸಿದ್ದ ಅವರು 1973ರ ನವೆಂಬರ್ 1ರಂದು ಆ ಹೆಸರು ಬಂದುದನ್ನು ಕಾಣಲಿಲ್ಲ. ಉಳುವವನೇ ಹೊಲದೊಡೆಯನಾಗಬೇಕೆಂಬ ಮಾತು ಶಾಸನವಾದುದನ್ನೂ ಕಾಣಲಿಲ್ಲ.

ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಶಾಸನ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟ ಜಮೀನುಗಳು ಸರ್ಕಾರದ ವಶವಾಗಿ, ಉಳುವವರು ಭೂನ್ಯಾಯಮಂಡಳಿಯ ಮುಂದೆ ಏಳನೆಯ ನಮೂನೆಯ ಅರ್ಜಿಯನ್ನು ಕೊಟ್ಟು ಒಡೆತನವನ್ನು ಕೇಳಿದರು. ಕಾಗೋಡಿನ ಗದ್ದೆಗೆ ನೇಗಿಲು ಹೊತ್ತು ಇಳಿದ ದಿನದಿಂದ ಲೆಕ್ಕ ಹಾಕಿದರೆ ಇಪ್ಪತ್ತಮೂರು ವರ್ಷ. ಅಷ್ಟರಲ್ಲಿ ಐದು ಮಹಾಚುನಾವಣೆಗಳು ಕಳೆದಿದ್ದುವು. ಗೇಣಿದಾರನ ಕೊಳಗಕ್ಕೆ ಉತ್ತರ ದೊರೆತದ್ದು ನಿಧಾನವಾಗಿ, ಆದರೆ ದೊರೆತಿತು.

ನೀರಿನ ಪ್ರಶ್ನೆ

ಭೂಮಿಯ ಪ್ರಶ್ನೆ ಮುಗಿಯುವ ಮೊದಲೇ ಈ ಸೀಮೆಗೆ ಇನ್ನೊಂದು ಪ್ರಶ್ನೆ ಬಂದು ಅಡರಿದ್ದಿತು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ನೀರಿನ ಕೆಳಗೆ ಹೋದುವು. ಗದ್ದೆಯ ಅಳತೆಗಾಗಿ ಹೋರಾಡಿದವರಲ್ಲಿ ಹಲವರ ಸೀಮೆಯಲ್ಲಿ ಅಳೆಯಲು ಗದ್ದೆಯೇ ಉಳಿಯಲಿಲ್ಲ. ನಾಡಿಗೆ ಬೆಳಕು ಬಂದಿತು. ನೆಲೆ ಬಿಟ್ಟವರು ಗಂಟುಮೂಟೆ ಕಟ್ಟಿ ಶಿವಮೊಗ್ಗದ ಕಡೆಯ ಕಾಡುಗಳ ಅಂಚಿಗೆ ಹೋಗಿ ನೆಲೆಸಿದರು. ಅವರ ಜಮೀನಿನ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳು ಕಳೆದ ಮೇಲೂ ಪೂರ್ತಿ ತೀರಿಲ್ಲ.

ಹಿನ್ನೀರಿನ ಆಚೆ ಉಳಿದ ತುಮರಿ, ಸಿಗಂದೂರಿನ ಕಡೆಯ ಹಳ್ಳಿಗಳಿಗೆ ಸಾಗರದ ಪೇಟೆಗೆ ಬರಲು ಲಾಂಚೊಂದೇ ಆಧಾರವಾಯಿತು. ಇರುಳಿನಲ್ಲಿ ಹೆರಿಗೆಯ ನೋವು ಬಂದರೆ, ಹಾವು ಕಚ್ಚಿದರೆ, ದಡದಲ್ಲಿ ಕುಳಿತು ಬೆಳಗಿಗೆ ಕಾಯುವುದು ಎಂಥ ಸಂಕಟವೆಂಬುದನ್ನು ಬೇರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚುನಾವಣೆಗೆ ಚುನಾವಣೆಗೆ ಬಂದವರೆಲ್ಲರನ್ನೂ ಆ ದ್ವೀಪದ ಮತದಾರನು ಕೇಳಿದ್ದು ಒಂದೇ: ‘ಸೇತುವೆ ಯಾವಾಗ?’ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅದನ್ನು ಮೊದಲು ಕೇಳಿದವರಲ್ಲಿ ಅನೇಕರು ಅದರ ಮೇಲೆ ನಡೆಯಲು ಉಳಿದಿರಲಿಲ್ಲ. ಆದರೂ ಪ್ರಶ್ನೆಯನ್ನು ತಂದೆಯಿಂದ ಮಗ, ಮಗನಿಂದ ಮೊಮ್ಮಗ ಕೇಳುತ್ತ ಬಂದುದರಿಂದಲೇ ಅದು ನೀರಿನಲ್ಲಿ ಮುಳುಗಿಹೋಗಲಿಲ್ಲ.

ಇಂದಿನ ಕಣ

ಕಾಲ ಬದಲಾಗಿದೆ. ಮತದ ವಯಸ್ಸು 1989ರಲ್ಲಿ ಹದಿನೆಂಟಕ್ಕೆ ಇಳಿಯಿತು. 2008ರ ಚುನಾವಣೆಯ ವೇಳೆಗೆ ಹೊಸನಗರವೆಂಬ ಕ್ಷೇತ್ರವೇ ಇಲ್ಲವಾಗಿ, ಆ ತಾಲ್ಲೂಕು ಸಾಗರ, ತೀರ್ಥಹಳ್ಳಿಗಳ ನಡುವೆ ಹಂಚಿಹೋಯಿತು. ಅಭ್ಯರ್ಥಿಯೊಬ್ಬರು ವಿಧಾನಸಭೆಯ ಚುನಾವಣೆಗೆ ಮಾಡಬಹುದಾದ ಖರ್ಚಿನ ಮಿತಿಯನ್ನು 2022ರಲ್ಲಿ 40 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಮತದಾರರಿಂದಲೇ ನೋಟು ಕೇಳಿದ ಅಭ್ಯರ್ಥಿಯ ಕತೆ ಇಂದಿನ ತರುಣರಿಗೆ ಅಜ್ಜಿಯ ಕತೆಯಂತೆ ಕೇಳಿಸಿದರೆ ಅವರ ತಪ್ಪಲ್ಲ. ಅಭ್ಯರ್ಥಿಗಳ ವಾದಗಳನ್ನು ಅಂಗೈಯಗಲದ ಫೋನಿನಲ್ಲಿಯೇ ನೋಡಬಹುದಾಗಿದೆ. ನಗುವ ಮುಖ, ಏರಿದ ದನಿ, ಚುರುಕಾದ ಮಾರುತ್ತರ ಎಲ್ಲವೂ ಕಾಣುತ್ತವೆ, ಕೇಳುತ್ತವೆ.

ಆದರೂ ಮೂರನೆಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕುವುದಿಲ್ಲ. ಹೇಳಿದ ಮಾತಿಗಾಗಿ ಈತ ಏನನ್ನು ಕಳೆದುಕೊಂಡಿದ್ದಾನೆ, ಏನನ್ನು ಕಳೆದುಕೊಳ್ಳಲು ಸಿದ್ಧನಿದ್ದಾನೆ ಎಂಬುದು ಪರದೆಯ ಮೇಲೆ ಮೂಡುವ ಸಂಗತಿಯಲ್ಲ. ಅದನ್ನು ತಿಳಿಯಬೇಕಾದರೆ ಚುನಾವಣೆಯಿಲ್ಲದ ವರ್ಷಗಳನ್ನು ನೋಡಬೇಕು. ಟಿಕೆಟ್ಟು ಹಂಚುವ ಮನೆಯ ಬಾಗಿಲಿನಲ್ಲಿ ನಿಂತವರು ಯಾರು, ಗದ್ದೆಯ ಬದುವಿನಲ್ಲಿ ನಿಂತವರು ಯಾರು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಪ್ರಾಥಮಿಕ ಚುನಾವಣೆಯ ಕಾನೂನಿಲ್ಲ ನಿಜ. ಅಂಥ ಪರೀಕ್ಷೆಯನ್ನು ಮತದಾರನು ತಾನಾಗಿಯೇ ನಡೆಸಬಾರದೆಂಬ ಕಾನೂನೂ ಇಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಹಳೆಯ ಮನೆಗಳ ಅಟ್ಟದಲ್ಲಿ ಈಗಲೂ ಹುಡುಕಿದರೆ ಧೂಳು ಹಿಡಿದ ಕೊಳಗವೊಂದು ಕಂಡೀತು. ಬತ್ತವನ್ನು ಈಗ ಯಾರೂ ಅದರಲ್ಲಿ ಅಳೆಯುವುದಿಲ್ಲ. ಗೇಣಿಯೂ ಇಲ್ಲ, ಆ ಕಾಲದ ಒಡೆಯರೂ ಇಲ್ಲ. ಆದರೆ ಐದು ವರ್ಷಕ್ಕೊಮ್ಮೆ ಮತಗಟ್ಟೆಯ ಮರೆಗೆ ಹೋಗುವ ಪ್ರತಿಯೊಬ್ಬನ ಕೈಗೂ ಅಂಥದೊಂದು ಕೊಳಗ ಬರುತ್ತದೆ. ಅದರ ಗಾತ್ರ ಇಂದಿಗೂ ಎಲ್ಲರಿಗೂ ಒಂದೇ. ಅದರಲ್ಲಿ ಏನನ್ನು ಅಳೆಯಬೇಕೆಂಬುದನ್ನು ಮಾತ್ರ, ಅಡಿಕೆ ಸುಲಿಯುವ ಆ ಇರುಳುಗಳಲ್ಲಿ ಆದಂತೆ, ಮತದಾರನೇ ತೀರ್ಮಾನಿಸಬೇಕಾಗಿದೆ.